ವಾಗ್ದಾನವೂ ಗೇಣಿಯೂ

ಈ ತಿಂಗಳಿನ ಪಾಠಕ್ಕಾಗಿ ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದ 19ನೆಯ ವಚನವನ್ನು ತೆರೆಯಿರಿ. ಮನಃಪೂರ್ವಕವಾಗಿ ದೇವರ ಮಾತಿಗೆ ಕಿವಿಗೊಡುವ ಜನರು ತಮ್ಮ ನಾಡಿನ ಬೆಳೆಯನ್ನು ಉಣ್ಣುವರೆಂಬದು ಅದರ ತಾತ್ಪರ್ಯ. ಕಿವಿಗೊಟ್ಟರೆ ಮಾತ್ರ ಎಂಬ ಷರತ್ತು ಇದರಲ್ಲಿ ಉಂಟು. ಆ ಷರತ್ತಿನಲ್ಲಿಯೇ ಅನೇಕರು ಎಡವುತ್ತಾರೆ.

ಉಡುಪಿ, ಕಾಪು, ಕಾರ್ಕಳ ಸೀಮೆಯವರಿಗೆ ಚಾಲಗೇಣಿ, ಮೂಲಗೇಣಿ ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಬೇಸಾಯದ ಗೇಣಿಯು ತೀರಿತಾದರೂ ಹಿರಿಯರ ನೆನಪಿನಿಂದ ಅದು ಹೋಗಿಲ್ಲ. ಮೂಲಗೇಣಿಯವನ ಹಕ್ಕು ಮಕ್ಕಳ ಕಾಲಕ್ಕೂ ನಿಲ್ಲುತ್ತಿತ್ತು. ಚಾಲಗೇಣಿಯವನಾದರೋ ಧಣಿಯ ಮನಸ್ಸು ಇರುವ ತನಕ ಮಾತ್ರ ಗದ್ದೆಯಲ್ಲಿರುತ್ತಿದ್ದನು. ದೇವರನ್ನು ಇಂಥ ಧಣಿಯೆಂದು ಎಣಿಸಿ, ವಿಧೇಯತೆಯನ್ನು ಅಕ್ಕಿಮುಡಿಯಂತೆ ವರುಷ ವರುಷ ಲೆಕ್ಕಮಾಡಿ ಒಪ್ಪಿಸುತ್ತಾ, ಒಂದು ವರುಷ ಕಡಮೆಯಾದರೆ ಹೊರಗೆ ಹಾಕುವನೆಂದು ಹೆದರಿ ಬದುಕುವವರುಂಟು. ಅಂಥವರು 18ನೆಯ ವಚನವನ್ನು ಓದಲಿ. ಕಡುಗೆಂಪಾದ ಪಾಪವೂ ಬೆಳ್ಳಗಾಗುವದೆಂಬ ಮಾತು ಅಲ್ಲಿ ಮೊದಲು ಬರುತ್ತದೆ. ವಿಧೇಯತೆಯ ಮಾತು ಅನಂತರ. ಕ್ಷಮೆ ಹೊಂದಿದವನು ವಿಧೇಯನಾಗುವದು, ಮಗನು ತಂದೆಯ ಗದ್ದೆಯಲ್ಲಿ ದುಡಿದಂತೆ.

ಆದರೂ ಕಠಿಣವಾದ ಪ್ರಶ್ನೆಯೊಂದು ಉಳಿಯುತ್ತದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, 1854ರಲ್ಲಿ ಉಡುಪಿಯಲ್ಲಿ ನೆಲೆಯೂರಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವರಲ್ಲಿ, ವಿಧೇಯರಾದ ಕಾರಣದಿಂದಲೇ ಮನೆಯನ್ನೂ ಕಸುಬನ್ನೂ ಕಳಕೊಂಡವರಿದ್ದರು. ಅವರ ಪಾಲಿಗೆ ಈ ವಾಗ್ದಾನವು ಎಲ್ಲಿ ನೆರವೇರಿತು? 1886ರಲ್ಲಿ ಮಲ್ಪೆಯಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯ ಕೂಲಿಯೇ ಆ ನೆರವೇರಿಕೆಯೆಂದು ಯಾರಾದರೂ ಹೇಳಬಹುದು. ಕೂಲಿಯಿಂದ ಒಲೆ ಉರಿದದ್ದು ಸತ್ಯ. ಆದರೆ ವಚನಕ್ಕೆ ಅಷ್ಟು ಸುಲಭವಾದ ಅರ್ಥವನ್ನು ಕಟ್ಟುವದು ನನಗೆ ಸರಿತೋರದು.

ಪ್ರವಾದಿಯು ಯಾರೊಡನೆ ಮಾತಾಡಿದನೆಂದು ನೋಡಿರಿ. 10ನೆಯ ವಚನದಲ್ಲಿ ಅವನು ಅಧಿಪತಿಗಳನ್ನೂ ಪ್ರಜೆಗಳನ್ನೂ ಒಟ್ಟಾಗಿ ಕರೆಯುತ್ತಾನೆ. ಅವರಲ್ಲಿ ಯಜ್ಞಗಳಿಗೂ ಹಬ್ಬಗಳಿಗೂ ಏನೂ ಕೊರತೆಯಿರಲಿಲ್ಲ. 17ನೆಯ ವಚನದಂತೆ, ತಬ್ಬಲಿಗೂ ವಿಧವೆಗೂ ಸಲ್ಲಬೇಕಾದ ನ್ಯಾಯವೇ ಕೊರತೆಯಾಗಿತ್ತು. ಹೀಗಿರುವಲ್ಲಿ ಈ ವಾಗ್ದಾನವು ಜನರೆಲ್ಲರಿಗೂ ಕೂಡಿ ಕೊಡಲ್ಪಟ್ಟದ್ದು. ಷರತ್ತು ಸಹ ಎಲ್ಲರ ಮೇಲೆ ಇರುವಂಥದು. ಒಬ್ಬನ ಬಟ್ಟಲು ಬರಿದಾಗಿರುವದನ್ನು ಕಂಡು ಅವನು ಅವಿಧೇಯನೆಂದು ತೀರ್ಪುಮಾಡುವದಕ್ಕೆ ಮುಂಚೆ, ನೆರೆಯವರು ತಮ್ಮ ವಿಧೇಯತೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಈ ಪಾಠವನ್ನು ನಡಿಸುವವರು 10ರಿಂದ 20ರ ವರೆಗಿನ ವಚನಗಳನ್ನು ಒಂದೇ ಸಾರಿ ಓದಿಸಲಿ. ತರುವಾಯ, ನಮ್ಮ ಊರಿನಲ್ಲಿ ಜಾಗದ ಕಾಗದವು ಸರಿಯಾಗದೆ ಒಂಟಿಯಾಗಿರುವ ವಿಧವೆ ಯಾರು, ಈ ವಾರ ಆಕೆಯ ಸಂಗಡ ತಾಲೂಕು ಕಚೇರಿಗೆ ಹೋಗುವವರು ಯಾರು ಎಂದು ಹೆಸರು ಹಿಡಿದು ಮಾತಾಡಿಕೊಳ್ಳಲಿ.