ಕಲ್ಲು, ಮಳೆ ಮತ್ತು ಕೆರೆಯ ಗೋಡು

ಶಿಥಿಲೀಕರಣ, ಸವೆತ, ಸಂಚಯನ ಎಂಬ ಮೂರು ಪದಗಳನ್ನು ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುವರು. ಮೊದಲೆರಡರ ಭೇದವೇನೆಂದು ಕೇಳಿದರೆ ಬಹುಮಂದಿ ತಡವರಿಸುವರು. ಇದು ಮಕ್ಕಳ ದೋಷವಲ್ಲ. ಪಾಠವು ಸಾಮಾನ್ಯವಾಗಿ ಹಿಮನದಿಯ ಕಣಿವೆಯಿಂದಲೋ ಮರುಭೂಮಿಯ ಮರಳುದಿಬ್ಬದಿಂದಲೋ ಆರಂಭವಾಗುವುದು. ಶಿಕಾರಿಪುರ, ಸೊರಬದ ಮಗುವು ಅವೆರಡನ್ನೂ ಕಂಡಿಲ್ಲ. ಅದು ಕಂಡಿರುವುದು ಮಳೆ, ಜಂಬಿಟ್ಟಿಗೆ ಮತ್ತು ಕೆರೆ. ಈ ಪಾಠಕ್ಕೆ ಅಷ್ಟೇ ಸಾಕು.

ಕಲ್ಲು ಇದ್ದಲ್ಲಿಯೇ ಇದ್ದು ಸಡಿಲಗೊಳ್ಳುವುದು ಶಿಥಿಲೀಕರಣ. ಸಡಿಲವಾದುದನ್ನು ನೀರೋ ಗಾಳಿಯೋ ಕಿತ್ತು ಹೊತ್ತೊಯ್ಯುವುದು ಸವೆತ. ಹೊರುವ ಶಕ್ತಿ ಕುಂದಿದೆಡೆಯಲ್ಲಿ ಅದನ್ನು ಇಳಿಸುವುದು ಸಂಚಯನ. 'ಇದ್ದಲ್ಲಿಯೇ' ಎಂಬ ಮಾತನ್ನು ಒತ್ತಿ ಹೇಳತಕ್ಕದ್ದು. ಗೊಂದಲವೆಲ್ಲ ಹುಟ್ಟುವುದು ಅಲ್ಲಿ.

ಇದಕ್ಕೆ ಸೊರಬದ ಕಡೆಯ ಜಂಬಿಟ್ಟಿಗೆಗಿಂತ ಉತ್ತಮ ನಿದರ್ಶನ ದೊರೆಯದು. ಬಹುಕಾಲದ ಮಳೆನೀರು ಬಂಡೆಯೊಳಗಿಳಿದು ಕರಗುವ ಅಂಶಗಳನ್ನು ತೊಳೆದು, ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳನ್ನು ಉಳಿಸಿತು. ಕಬ್ಬಿಣದ ತುಕ್ಕೇ ಆ ಕಲ್ಲಿನ ಕೆಂಪು. ನೆಲದಲ್ಲಿರುವಾಗ ಮೆದುವಾಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಾಳಿ ಬಿಸಿಲಿಗೆ ಅದು ಗಟ್ಟಿಯಾಗುವುದು. ಕಲ್ಲು ಕಡಿಯುವವರ ಮನೆಯ ಮಗುವೊಂದು ತರಗತಿಯಲ್ಲಿದ್ದರೆ ಈ ಮಾತನ್ನು ಅದರ ಬಾಯಿಂದಲೇ ಹೇಳಿಸಿ, ಉಪಾಧ್ಯಾಯರು ಕೇಳುವವರಾಗಿರುವುದು ಲೇಸು.

ಎಲ್ಲ ಕಲ್ಲೂ ಒಂದೇ ವೇಗದಲ್ಲಿ ಶಿಥಿಲವಾಗದು. ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದಿನ ಕಂಬ ಬಲು ಕಠಿಣ ಶಿಲೆಯದು. 5ನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಅದರ ಮೇಲೆ ಬರೆದ ಸಂಸ್ಕೃತ ಪದ್ಯಗಳನ್ನು ಬಲ್ಲವರು ಇಂದಿಗೂ ಓದಬಲ್ಲರು. ಅಲ್ಲಮಪ್ರಭುವಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇಗುಲದ್ದು ಬಳಪದ ಕಲ್ಲು. ಉಳಿಗೆ ಸುಲಭವಾಗಿ ಒದಗುವಂಥದು. ಮಳೆಗೆ ಮೈಯೊಡ್ಡಿದ ಹೊರಗೋಡೆಯನ್ನೂ ನೆರಳಿನಲ್ಲಿರುವ ಒಳಗಂಬವನ್ನೂ ಮಕ್ಕಳು ಹೋಲಿಸಿ ನೋಡಲಿ. (ಕಣ್ಣಿನಿಂದ ಮಾತ್ರ, ಸಾವಿರ ಕೈಗಳ ಸ್ಪರ್ಶವೂ ಕಲ್ಲನ್ನು ಸವೆಸುವುದು.)

ತಾಳಗುಂದದ ಆ ಶಾಸನವೇ ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಮಾಡಿಸಿದುದನ್ನೂ ತಿಳಿಸುತ್ತದೆ. ಪಾಠದ ಉಳಿದ ಭಾಗವೂ ಕೆರೆಯದೇ. ಯಾರೇ ಕಟ್ಟಿಸಲಿ, ಮೊದಲ ಮಳೆಯ ಕೆಂಪು ನೀರಿನೊಡನೆಯೇ ಕೆರೆ ತುಂಬುವ ಕೆಲಸ ಆರಂಭವಾಗುವುದು. ತುಂಬುವುದು ನೀರೊಂದೇ ಅಲ್ಲ.

ಎರಡು ತಗಡಿನ ತಟ್ಟೆಗಳಲ್ಲಿ ಒಂದರಲ್ಲಿ ಬರಿಯ ಮಣ್ಣು, ಇನ್ನೊಂದರಲ್ಲಿ ಬೇರುಸಹಿತ ಹುಲ್ಲಿನ ಹೆಪ್ಪೆಯನ್ನಿರಿಸಿ, ಎರಡನ್ನೂ ಒಂದೇ ಓರೆಯಲ್ಲಿಟ್ಟು ಸಮನಾಗಿ ನೀರು ಚಿಮುಕಿಸಬೇಕು. ಇಳಿದ ನೀರಿನ ಬಣ್ಣವೇ ಸವೆತದ ಪಾಠವನ್ನು ಹೇಳುವುದು. ಬಳಿಕ ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಬೆರೆಸಿ ಕುಲುಕಿ ಇಟ್ಟರೆ ಮರಳು ಕ್ಷಣದಲ್ಲಿ ತಳ ಸೇರುವುದು, ಅದರ ಮೇಲೆ ನಯವಾದ ಮಣ್ಣು. ಜೇಡಿ ಮರುದಿನವೂ ತೇಲುತ್ತಿದ್ದೀತು. ಸೊರಬದ ದಂಡಾವತಿಯೂ ಶಿಕಾರಿಪುರದ ಕುಮುದ್ವತಿಯೂ ಮಳೆಗಾಲದಲ್ಲಿ ಕದಡಿ ಹರಿಯುವಾಗ ಹೊತ್ತಿರುವುದು ಇದನ್ನೇ. ಅಂಜನಾಪುರದ ಜಲಾಶಯದಲ್ಲಿ ಕುಮುದ್ವತಿಯ ನೀರು ಹರಡಿ ವೇಗ ಕಳೆದುಕೊಳ್ಳುವುದು. ಭಾರವಾದುದು ಮೊದಲು ಇಳಿಯುವುದು. ಊರಿನ ಕೆರೆಯಲ್ಲಿಯೂ ಹಾಗೆಯೇ: ಹಳ್ಳ ಬಂದು ಸೇರುವಲ್ಲಿ ಮರಳು, ಏರಿಯ ಬಳಿ ನಯವಾದ ಗೋಡು.

ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆಯಬೇಕು. 1 ಹೆಕ್ಟೇರು ಕೆರೆಯಂಗಳದಲ್ಲಿ 1 ಸೆಂಟಿಮೀಟರು ಹೂಳು ನಿಂತರೆ 100 ಘನಮೀಟರು ಜಾಗ ಹೋಯಿತು. ಅಂದರೆ 1 ಲಕ್ಷ ಲೀಟರು ನೀರಿಗೆ ಎಡೆಯಿಲ್ಲ. ಕೆರೆಯಿಂದಲೇ ಗದ್ದೆ ನೆನೆಯುವ ಊರಿನ ಮಗುವಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕಥೆಯನ್ನು ಮಕ್ಕಳು ಬಲ್ಲರು. ಹೂಳೆತ್ತುವುದೂ ಅದೇ ಕಾಯಕದ ಇನ್ನೊಂದು ಮುಖವೆಂಬುದನ್ನು ಅಷ್ಟಾಗಿ ಬಲ್ಲರೆನ್ನಲಾಗದು. ಬೇಸಿಗೆಯಲ್ಲಿ ರೈತರು ಗೋಡನ್ನು ಹೊಲಕ್ಕೆ ಹೊಡೆಯುವಾಗ, ಮಳೆ ಕದ್ದೊಯ್ದ ಮಣ್ಣೇ ಮನೆಗೆ ಮರಳುವುದು.

ಕೆರೆ ಒಣಗಿದ ಮೇ ತಿಂಗಳಲ್ಲಿ, ಹಿರಿಯರೊಡನೆ ಹೋಗಿ, ಅಂಗಳದಲ್ಲಿ ಗುರುತು ಕೊರೆದ ಕೋಲೊಂದನ್ನು ಭದ್ರವಾಗಿ ನೆಡಬೇಕು. ಮಣ್ಣಿನ ಮಟ್ಟವನ್ನು ತರಗತಿಯ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಬೇಸಿಗೆಯಲ್ಲಿ ಅದನ್ನು ಅಳೆಯತಕ್ಕವರು ಆಗ ಆ ತರಗತಿಗೆ ಬಂದಿರುವ ಮಕ್ಕಳು.