ಮೈಯೊಳಗೆ ಚಿಪ್: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

‘ಪೇಸ್‌ಮೇಕರ್ ಹಾಕಿಸಬೇಕು’ ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಖರ್ಚಾಗುತ್ತೆ, ಯಾವತ್ತು ಅಡ್ಮಿಟ್ ಆಗಬೇಕು. ಹೃದಯದ ಬಡಿತ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಡುವ ಐಸಿಡಿ, ಕಿವಿ ಕೇಳಿಸಲು ಹಾಕುವ ಕಾಕ್ಲಿಯರ್ ಇಂಪ್ಲಾಂಟ್, ಚರ್ಮದಡಿ ಕೂರುವ ಗ್ಲೂಕೋಸ್ ಸೆನ್ಸರ್‌ಗಳ ವಿಷಯದಲ್ಲೂ ಇದೇ ಕತೆ. ಹಾಕಿಸಿಕೊಂಡ ಮೇಲಿನ ವರ್ಷಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಿಜಕ್ಕೂ ತೊಡಕು ಬರುವುದು ಆಗಲೇ.

ಯಾವ ಕೆಲಸಕ್ಕೆ?

ಸಾಧನ ದೇಹದ ಕೆಲಸವನ್ನೇ ವಹಿಸಿಕೊಳ್ಳುತ್ತದೆಯೋ, ಬರೀ ಮಾಹಿತಿ ಕೊಡುತ್ತದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹಾರ್ಟ್ ಬ್ಲಾಕ್‌ನಿಂದ ಬಡಿತ ತೀರಾ ನಿಧಾನವಾಗಿ ತಲೆಸುತ್ತಿ ಬೀಳುವವರಿಗೆ ಪೇಸ್‌ಮೇಕರ್‌ಗೆ ಸಮನಾದ ಮಾತ್ರೆ ಇಲ್ಲ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ಮೈಯೊಳಗೆ ಇಟ್ಟ ಜಗತ್ತಿನ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆಗಳಲ್ಲಿ ನಿಂತಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು ಅವರು 86ನೇ ವಯಸ್ಸಿನವರೆಗೆ ಬದುಕಿದರು. ಇಂಥ ಕಡೆ ಲಾಭದ ತಟ್ಟೆಯೇ ಭಾರ.

ಬರೀ ಮಾಹಿತಿಗೆಂದು ಬಂದ ವೆರಿಚಿಪ್ ಹಾಗಲ್ಲ. ಅಕ್ಕಿಕಾಳಿನಷ್ಟಿದ್ದ ಈ ಚಿಪ್‌ಗೆ 2004ರಲ್ಲಿ ಅಮೆರಿಕದ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದರಲ್ಲಿ ಇದ್ದದ್ದು 16 ಅಂಕಿಯ ಒಂದು ಸಂಖ್ಯೆ, ಅಷ್ಟೆ. ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇದ್ದು, ಆ ಸಂಖ್ಯೆಗೆ ಹೊಂದುವ ದಾಖಲೆಯೂ ಸಿಕ್ಕರೆ ಮಾತ್ರ ಉಪಯೋಗ. 2010ರ ಹೊತ್ತಿಗೆ ಅದರ ಮಾರಾಟ ನಿಂತಿತು. ರಕ್ತದ ಗುಂಪು, ಅಲರ್ಜಿ, ಸೇವಿಸುವ ಔಷಧಿಗಳ ಹೆಸರು ಬರೆದ ಚೀಟಿ ಪರ್ಸಿನಲ್ಲಿದ್ದರೆ ಸಾಕು. ಅದಕ್ಕಾಗಿ ಚರ್ಮದಡಿ ಚಿಪ್ ಹಾಕಿಸಿಕೊಳ್ಳಬೇಕಿಲ್ಲ.

ಕಂಪನಿ ಎಷ್ಟು ಕಾಲ?

ಕುರುಡರಿಗೆ ಮಸುಕಾದ ದೃಷ್ಟಿ ಕೊಡುತ್ತಿದ್ದ ಆರ್ಗಸ್-2 ಎಂಬ ಅಕ್ಷಿಪಟಲದ ಚಿಪ್ಪನ್ನು ತಯಾರಿಸುತ್ತಿದ್ದ ಸೆಕೆಂಡ್ ಸೈಟ್ ಕಂಪನಿ 2019ರಲ್ಲಿ ಉತ್ಪಾದನೆ ನಿಲ್ಲಿಸಿತು. ಮರುವರ್ಷ ದಿವಾಳಿಯ ಅಂಚಿಗೆ ಬಂತು. ಹಾಕಿಸಿಕೊಂಡವರ ಕಣ್ಣೊಳಗೆ ಚಿಪ್ ಉಳಿಯಿತು, ರಿಪೇರಿಗೆ ದಿಕ್ಕಿಲ್ಲದಂತಾಯಿತು. ಆದ್ದರಿಂದ ತೀರಾ ಹೊಸ ಸಾಧನವಾದರೆ ನೇರವಾಗಿ ಕೇಳಿ: ಬಿಡಿಭಾಗ ಎಲ್ಲಿ ಸಿಗುತ್ತದೆ? ಕೆಟ್ಟರೆ ಹೊರತೆಗೆಯಲು ಆಗುತ್ತದೆಯೇ? ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗುವುದಾದರೆ ಕಿವಿಯ ಹೊರಗಿನ ಪ್ರೊಸೆಸರ್, ಕೇಬಲ್, ಬ್ಯಾಟರಿಯ ವೆಚ್ಚ ಯಾರದ್ದೆಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸರ್ಕಾರಿ ಯೋಜನೆಯಡಿ ಹಾಕಿಸಿದರೂ ಈ ಪ್ರಶ್ನೆ ಬಿಡಬೇಡಿ.

ಅಪಾಯದ ಲೆಕ್ಕ

ಪೇಸ್‌ಮೇಕರ್ ಸಾಮಾನ್ಯವಾಗಿ ಕೂರುವುದು ಕಾಲರ್‌ಬೋನ್ ಕೆಳಗೆ, ಚರ್ಮದಡಿ ಮಾಡಿದ ಪುಟ್ಟ ಜೇಬಿನಲ್ಲಿ. ಅಲ್ಲಿ ಕೆಂಪಾದರೆ, ಬಿಸಿಯಾದರೆ, ಕೀವು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಸೋಂಕು ಒಳಗಿಳಿದರೆ ಹೃದಯಕ್ಕೆ ಹೋಗುವ ತಂತಿ ಸಮೇತ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಹಳೆಯ ತಂತಿ ರಕ್ತನಾಳಕ್ಕೆ ಅಂಟಿಕೊಂಡಿರುವುದರಿಂದ ತೆಗೆಯುವುದು ಹಾಕಿದಷ್ಟು ಸಲೀಸಲ್ಲ. ಬ್ಯಾಟರಿ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬರುತ್ತದೆ. ಅದು ಮುಗಿದಾಗ ಸೆಲ್ ಒಂದನ್ನೇ ಬದಲಿಸಲಾಗದು, ಡಬ್ಬಿಯನ್ನೇ ಹೊಸದಾಗಿ ಹಾಕಬೇಕು. ಆ ಖರ್ಚು ನಿಮ್ಮ ವಿಮೆಯಲ್ಲಿ ಬರುತ್ತದೆಯೇ ನೋಡಿ. ಮುಂದೆ ಎಂಆರ್‌ಐ ಬೇಕಾಗಬಹುದು. ಡಬ್ಬಿ, ತಂತಿ ಎರಡೂ ಎಂಆರ್‌ಐಗೆ ಹೊಂದುವಂಥವೇ ಎಂದು ಕೇಳಿಕೊಳ್ಳಿ. ಮೊಬೈಲನ್ನು ಅಂಗಿಯ ಎದೆಜೇಬಿನಲ್ಲಿ ಇಡುವ ಅಭ್ಯಾಸ ಬಿಡಿ. ಕನಿಷ್ಠ 15 ಸೆಂ.ಮೀ. ದೂರವಿರಲಿ.

ಹ್ಯಾಕಿಂಗ್ ಭಯ ಪೂರ್ತಿ ಕಲ್ಪನೆಯಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರ ಹೃದಯದ ಸಾಧನದ ವೈರ್‌ಲೆಸ್ ಸೌಲಭ್ಯವನ್ನು 2007ರಲ್ಲಿ ವೈದ್ಯರೇ ಬಂದ್ ಮಾಡಿಸಿದ್ದರು. ಇದೇ ಭಯಕ್ಕೆ 2017ರಲ್ಲಿ ಅಲ್ಲಿ ಸುಮಾರು 4.65 ಲಕ್ಷ ಪೇಸ್‌ಮೇಕರ್‌ಗಳ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಎಫ್‌ಡಿಎ ಒಪ್ಪಿಗೆ ನೀಡಿತು. ಆಗ ರೋಗಿಗಳಿಗೆ ಹಾನಿಯಾದ ಪ್ರಕರಣವೇನೂ ವರದಿಯಾಗಿರಲಿಲ್ಲ. ನನ್ನ ಮಟ್ಟಿಗೆ ಸೋಂಕಿನ ಭಯ ಇದಕ್ಕಿಂತ ದೊಡ್ಡದು. ಫಾಲೋಅಪ್ ತಪ್ಪಿಸದಿದ್ದರೆ ಸಾಧನದಲ್ಲಿ ಎದ್ದ ಹೊಸ ದೋಷಗಳೂ ತಿಳಿಯುತ್ತವೆ.

ಮನೆಗೆ ಬಂದ ಮೇಲೆ

ಆಸ್ಪತ್ರೆ ಕೊಡುವ ಕಾರ್ಡಿನಲ್ಲಿ ಮಾಡೆಲ್ ಹಾಗೂ ಸೀರಿಯಲ್ ನಂಬರ್ ಇರುತ್ತವೆ. ಒಂದು ಜೆರಾಕ್ಸ್ ಮನೆಯಲ್ಲಿರಲಿ, ಒಂದು ಫೋಟೊ ಮಕ್ಕಳ ಮೊಬೈಲಿನಲ್ಲಿರಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಈ ಕಾರ್ಡನ್ನೇ ತೋರಿಸಿ.

ಮನೆಯವರಿಗೆ ಹೇಳಲು ಮುಜುಗರವಾಗುವ ಇನ್ನೊಂದು ಮಾತಿದೆ. ಪೇಸ್‌ಮೇಕರ್ ಬ್ಯಾಟರಿ ಬೆಂಕಿಗೆ ಸಿಕ್ಕರೆ ಸ್ಫೋಟಿಸುತ್ತದೆ. ಕಟ್ಟಿಗೆಯ ಚಿತೆಯಿರಲಿ, ವಿದ್ಯುತ್ ಚಿತಾಗಾರವಿರಲಿ, ದಹನಕ್ಕೆ ಮುನ್ನ ಅದನ್ನು ಆಸ್ಪತ್ರೆಯಲ್ಲೇ ತೆಗೆಸಬೇಕು. ಕಾರ್ಡಿನ ಹಿಂಬದಿಯಲ್ಲಿ ಇದನ್ನು ಕನ್ನಡದಲ್ಲಿ ಬರೆದಿಟ್ಟುಬಿಡಿ.