ಗೋಡೆಯ ಚಿತ್ರ, ಎದುರಿಗಿರುವ ಮನುಷ್ಯ


*ಇಂದಿನ ಧಮ್ಮ ಚಿಂತನೆ: ಸಂಜ್ಞೆ*



ಪಂಚಸ್ಕಂಧಗಳಲ್ಲಿ ಮೂರನೆಯದು ಸಂಜ್ಞೆ; ಪಾಳಿಯಲ್ಲಿ 'ಸಞ್ಞಾ'. ಕಂಡದ್ದನ್ನು ಗುರುತು ಹಿಡಿದು, ಅದಕ್ಕೊಂದು ಹೆಸರಿಟ್ಟು, ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುವುದು ಅದರ ಕೆಲಸ. ಸಂಯುತ್ತ ನಿಕಾಯದ ಫೇಣಪಿಂಡೂಪಮ ಸುತ್ತದಲ್ಲಿ ಬುದ್ಧರು ಇದನ್ನು ಬಿಸಿಲುಗುದುರೆಗೆ ಹೋಲಿಸಿದ್ದಾರೆ. ಈ ಹೋಲಿಕೆ ನನಗೆ ಮನದಟ್ಟಾದದ್ದು ಟರ್ಕಿಯ ಒಂದು ಹಳೆಯ ಕಪ್ಪು-ಬಿಳುಪು ಸಿನಿಮಾದಿಂದ.

ಮೆತಿನ್ ಎರ್ಕ್ಸಾನ್ 1965ರಲ್ಲಿ ಮಾಡಿದ ಆ ಚಿತ್ರದ ಹೆಸರು 'ಸೆವ್ಮೆಕ್ ಜಮಾನಿ', ಅಂದರೆ 'ಪ್ರೀತಿಸುವ ಕಾಲ'. ನಾವು ಆಡುವ 'ಜಮಾನ' ಎಂಬ ಪದವೇ ಅಲ್ಲೂ ಇದೆ! 1964ರಲ್ಲಿ ಇದೇ ನಿರ್ದೇಶಕರ 'ಸುಸುಜ್ ಯಾಜ್' ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಗೆದ್ದಿತ್ತು. ಆದರೂ ಈ ಚಿತ್ರಕ್ಕೆ ಆಗ ಚಿತ್ರಮಂದಿರಗಳ ಬಾಗಿಲು ತೆರೆಯಲಿಲ್ಲ. ಎಷ್ಟೋ ಕಾಲದ ಮೇಲೆ ಸಿನಿಮಾಪ್ರಿಯರು ಇದನ್ನು ಮತ್ತೆ ಕಂಡುಕೊಂಡರು.

ಇಸ್ತಾಂಬುಲ್ ಬಳಿಯ ಒಂದು ದ್ವೀಪ, ಬಿಡದ ಮಳೆ. ಮನೆಗಳಿಗೆ ಬಣ್ಣ ಬಳಿಯುವ ಹಲೀಲ್, ಶ್ರೀಮಂತರ ಮನೆಯೊಂದರ ಗೋಡೆಯ ಮೇಲಿದ್ದ ಹೆಣ್ಣಿನ ಭಾವಚಿತ್ರಕ್ಕೆ ಮನಸೋಲುತ್ತಾನೆ. ಮತ್ತೆ ಮತ್ತೆ ಬಂದು ಅದರ ಮುಂದೆ ಕೂರುತ್ತಾನೆ. ಒಂದು ದಿನ ಚಿತ್ರದಲ್ಲಿದ್ದ ಮೆರಾಲ್ ತಾನೇ ಬರುತ್ತಾಳೆ. ಅವಳಿಗೂ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಹಲೀಲ್ ಒಪ್ಪುವುದಿಲ್ಲ. ತಾನು ಪ್ರೀತಿಸುವುದು ಚಿತ್ರವನ್ನು, ಅವಳನ್ನಲ್ಲ ಎನ್ನುತ್ತಾನೆ.

ಇದನ್ನು ಶುದ್ಧ ಪ್ರೇಮ ಎನ್ನುವವರಿದ್ದಾರು. ನನಗೆ ಕಂಡದ್ದು ಭಯ. ಚಿತ್ರ ಮುಪ್ಪಾಗದು, ಮುನಿಯದು, ಬಿಟ್ಟುಹೋಗದು. ಜೀವವಿರುವ ಮನುಷ್ಯರು ಬದಲಾಗುತ್ತಾರೆ. ಅನಿತ್ಯಕ್ಕೆ ಹೆದರಿದ ಮನಸ್ಸು ಬದಲಾಗದ್ದನ್ನು ಹುಡುಕಿ ಅಪ್ಪಿಕೊಳ್ಳುತ್ತದೆ. ಅದೇ ಉಪಾದಾನ.

ಹಲೀಲನ ಗೋಡೆ ನಮ್ಮೊಳಗೂ ಇದೆ. ನಮ್ಮ ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಆಗ ನನ್ನೊಳಗೆ ಸಣ್ಣ ಸಿಡುಕು ಏಳುತ್ತದೆ. ಎಲ್ಲಿಂದ ಬಂತು ಎಂದು ನೋಡಿದರೆ, ಇಡೀ ಮನೆಯ ಲೆಕ್ಕವನ್ನು ಬೆರಳತುದಿಯಲ್ಲಿ ಇಟ್ಟುಕೊಂಡಿದ್ದ ಆ ಅಮ್ಮನ ಚಿತ್ರ ಒಳಗೆ ತೂಗುತ್ತಿರುತ್ತದೆ. ಎದುರಿಗೆ ಕೂತ ಅಮ್ಮ ಅದಕ್ಕೆ ಹೊಂದುತ್ತಿಲ್ಲ, ಅಷ್ಟೆ. ಉತ್ತರ ಬೇಕಾಗಿರುವುದು ಮಾತ್ರ ಈ ಅಮ್ಮನಿಗೆ.

ಸಂಜ್ಞೆಯನ್ನು ಅಳಿಸಿಹಾಕಲು ಬುದ್ಧರು ಹೇಳಲಿಲ್ಲ. ಅದಿಲ್ಲದೆ ಮನೆಯ ದಾರಿಯೂ ಗುರುತು ಸಿಗದು. ಬಿಸಿಲುಗುದುರೆಯನ್ನು ಬಿಸಿಲುಗುದುರೆ ಎಂದು ತಿಳಿದರೆ ಸಾಕು, ನೀರೆಂದು ಅದರ ಹಿಂದೆ ಓಡುವುದು ನಿಲ್ಲುತ್ತದೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ಒಬ್ಬರ ಮೇಲೆ ಬೇಸರ ಬಂದಾಗ ಮೂರು ಉಸಿರು ನಿಲ್ಲಿ. 'ನಾನು ಮಾತಾಡುತ್ತಿರುವುದು ಇವರೊಂದಿಗೋ, ನನ್ನೊಳಗಿನ ಇವರ ಚಿತ್ರದೊಂದಿಗೋ?' ಎಂದು ಕೇಳಿಕೊಳ್ಳಿ. ಆಮೇಲೆ ಮಾತಾಡಿ.

ಎಲ್ಲರಿಗೂ ಮಂಗಳವಾಗಲಿ 🙏